ಸುಮ್ನೆ ಖುಷಿಗೆ ಗೇಮ್ ಆಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನವಳು. ವಾರದಲ್ಲಿ ಐದು ದಿನ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆ. ನಮ್ಮ ಬೋಗಿಯಲ್ಲಿ ಯಾರ ಕೈ ನೋಡಿದರೂ ಫೋನು, ಫೋನಿನಲ್ಲಿ ಯಾವುದೋ ಒಂದು ಗೇಮು. ಭಾನುವಾರ ಮಧ್ಯಾಹ್ನ ಅಕ್ಕಪಕ್ಕದ ಮಕ್ಕಳು ನಮ್ಮ ಮನೆಗೆ ಆಡೋಕೆ ಬರುತ್ತಾರೆ. ಕೆಲವು ಸಲ ಅವರ ಅಪ್ಪ ಅಮ್ಮಂದಿರೂ ಬರುತ್ತಾರೆ. ಒಂದು ಟಿವಿ, ಎರಡು ಕಂಟ್ರೋಲರ್, ಒಂದು ಹಳೆಯ ಲ್ಯಾಪ್‌ಟಾಪ್, ಅಷ್ಟೇ. ನಿಯಮ ಒಂದೇ: ಸ್ಕೋರ್ ಬರೆದಿಡುವ ಹಾಗಿಲ್ಲ. ರೈಲಿನಲ್ಲಿ, ಮನೆಯಲ್ಲಿ, ಮದುವೆ ಊಟದ ಸಾಲಿನಲ್ಲಿ ಜನ ನನ್ನನ್ನು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

## ಶುರುವಿನ ಪ್ರಶ್ನೆಗಳು

“ರ‍್ಯಾಂಕೂ ಬೇಡ, ರಿವಾರ್ಡೂ ಬೇಡ ಅಂದ್ರೆ ಆಡೋದಾದ್ರೂ ಯಾಕೆ ಅಕ್ಕ?”

ನಮ್ಮಜ್ಜಿ ಶಿರಾದ ಮನೆಯ ಜಗುಲಿ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯುತ್ತಿದ್ದರು. ಆ ಕಡೆ ಐದು, ಈ ಕಡೆ ಐದು, ಕಟ್ಟೆ ಮನೆಗಳಿಗೆ ಅಡ್ಡಗೆರೆ. ಕವಡೆ ಇರಲಿಲ್ಲ. ನಾಲ್ಕು ಹುಣಸೆಬೀಜ ತಗೊಂಡು ಒಂದೊಂದನ್ನೂ ಕಲ್ಲಿಗೆ ಉಜ್ಜಿ, ಒಂದು ಮಗ್ಗುಲು ಬಿಳಿ ಮಾಡಿಕೊಳ್ಳುತ್ತಿದ್ದೆವು. ಉಜ್ಜಿ ಉಜ್ಜಿ ಬೆರಳು ಬಿಸಿಯಾಗುತ್ತಿತ್ತು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಎಂಟು. ನನ್ನ ಕಾಯಿ ಇನ್ನೇನು ಹಣ್ಣಾಗಬೇಕು ಅನ್ನುವಾಗ ಅಜ್ಜಿ ಕಡಿದುಬಿಡುತ್ತಿದ್ದರು. ನಾನು ಅಳುತ್ತಿದ್ದೆ. ಆಮೇಲೆ “ಇನ್ನೊಂದಾಟ” ಅಂತ ನಾನೇ ಕೇಳುತ್ತಿದ್ದೆ.

ಆ ಆಟದಲ್ಲೂ ಗೆಲ್ಲಬೇಕು ಅನ್ನುವ ಹಟ ಇತ್ತು. ಆದರೆ ಗೆಲುವು ಆ ಸಂಜೆಗೇ ಮುಗಿಯುತ್ತಿತ್ತು. ಬೆಳಿಗ್ಗೆ ಜಗುಲಿ ತೊಳೆದರೆ ಮನೆಯೂ ಇಲ್ಲ, ಲೆಕ್ಕವೂ ಇಲ್ಲ. ನಾನು ಹೇಳುವುದು ಇಷ್ಟೇ: ಸೋಲು ಗೆಲುವು ಆಟದೊಳಗೆ ಇರಲಿ. ಆಟ ಮುಗಿದ ಮೇಲೂ ಅದು ನಮ್ಮ ಬೆನ್ನಿಗೆ ಬಿದ್ದು ಮನೆಯವರೆಗೂ ಬರುವುದು ಬೇಡ.

“ನಾನು ಖುಷಿಗೆ ಆಡ್ತಿದೀನಾ, ಪಾಯಿಂಟ್‌ಗೆ ಆಡ್ತಿದೀನಾ ಅಂತ ಹೇಗೆ ಗೊತ್ತಾಗುತ್ತೆ?”

ಫೋನ್ ಕೆಳಗಿಟ್ಟು ಅರ್ಧ ಗಂಟೆ ಆದಮೇಲೆ ಏನು ನೆನಪಿದೆ ನೋಡಿ. “ಗೋಡೆ ಹಿಂದೆ ಬಚ್ಚಿಟ್ಟುಕೊಂಡಿದ್ದೆ, ಅವನು ನನ್ನ ಪಕ್ಕದಲ್ಲೇ ಓಡಿ ಹೋದ, ನನ್ನನ್ನ ನೋಡಲೇ ಇಲ್ಲ” ಅಂತ ಹೇಳಿಕೊಳ್ಳೋಕೆ ಒಂದು ಕತೆ ಇದ್ದರೆ ನೀವು ಆಟ ಆಡಿದ್ದೀರಿ. “ಪಾಯಿಂಟ್ ಮೈನಸ್ ಹದಿನೆಂಟಾಯ್ತು” ಅನ್ನುವುದಷ್ಟೇ ನೆನಪಿದ್ದರೆ ಯೋಚನೆ ಮಾಡಿ.

ನಮ್ಮ ರೈಲಿನಲ್ಲಿ ಕಾಲೇಜು ಹುಡುಗನೊಬ್ಬ ತಾನು ಸೋತ ಪಂದ್ಯದ ಕತೆಯನ್ನು ಕ್ಯಾತಸಂದ್ರದಿಂದ ದಾಬಸ್‌ಪೇಟೆವರೆಗೂ ಕೈಸನ್ನೆ ಮಾಡಿಕೊಂಡು ಹೇಳಿದ್ದ. ಕೇಳುತ್ತಿದ್ದ ನಮಗೂ ಆ ಗೇಮ್ ಆಡಬೇಕು ಅನ್ನಿಸಿತು.

“ದಿನಾ ಓಪನ್ ಮಾಡದಿದ್ರೆ ಸ್ಟ್ರೀಕ್ ಹೋಗುತ್ತಲ್ಲ, ಏನ್ ಮಾಡೋದು?”

ಸ್ಟ್ರೀಕ್ ಅಂದರೆ ಒಂದು ದಿನವೂ ತಪ್ಪದೆ ಗೇಮ್ ತೆರೆದ ದಿನಗಳ ಲೆಕ್ಕ. ಹೋಗಲಿ ಬಿಡಿ. ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ತಿಪಟೂರಿನಲ್ಲಿ ನನ್ನ ಮಾವನ ಮಗಳ ಮದುವೆ. ರಾತ್ರಿ ಹನ್ನೊಂದೂವರೆ. ಒಳಗೆ ಎಲ್ಲರೂ ಚಾಪೆ ಹಾಸಿಕೊಂಡು ಹಳೇ ಕತೆ ಹೇಳಿಕೊಂಡು ನಗುತ್ತಿದ್ದಾರೆ. ನಾನು ಛತ್ರದ ಹೊರಗೆ ತೆಂಗಿನಮರದ ಕೆಳಗೆ ಫೋನ್ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದೆ. ಹನ್ನೆರಡರೊಳಗೆ ಗೇಮ್ ತೆರೆಯದಿದ್ದರೆ ನೂರಾರು ದಿನದ ಸ್ಟ್ರೀಕ್ ಮುರಿಯುತ್ತೆ ಅನ್ನುವ ಭಯ. ಆಡುವ ಮನಸ್ಸು ಚೂರೂ ಇರಲಿಲ್ಲ. ಹಾಜರಿ ಹಾಕೋಕೆ ಹೋಗಿದ್ದೆ ಅಷ್ಟೇ. ವಾಪಸ್ ಬರುವಷ್ಟರಲ್ಲಿ ದೊಡ್ಡತ್ತೆ ಹೇಳುತ್ತಿದ್ದ ಕತೆ ಮುಗಿದಿತ್ತು. ಅದೇ ವಾರ ಆ ಗೇಮ್ ತೆಗೆದುಹಾಕಿದೆ.

ಎರಡು ಕೆಲಸ ಮಾಡಿ. ಗೇಮಿನ ನೋಟಿಫಿಕೇಶನ್ ಎಲ್ಲವನ್ನೂ ಆಫ್ ಮಾಡಿ. ಆಮೇಲೆ ಬೇಕು ಅಂತಲೇ ಒಂದು ದಿನ ತಪ್ಪಿಸಿ. ಸ್ಟ್ರೀಕ್ ಮುರಿದ ಮೇಲೂ ಆ ಗೇಮ್ ಆಡಬೇಕು ಅನ್ನಿಸಿದರೆ ಅದು ನಿಮಗೆ ನಿಜವಾಗಿ ಇಷ್ಟ. ಅನ್ನಿಸದಿದ್ದರೆ ನಿಮ್ಮನ್ನು ಹಿಡಿದಿಟ್ಟಿದ್ದು ಸ್ಟ್ರೀಕ್, ಗೇಮ್ ಅಲ್ಲ.

“ನನಗೆ ನಲವತ್ತೈದು ದಾಟಿತು. ಈಗ ಶುರು ಮಾಡಿದ್ರೆ ನಗ್ತಾರಲ್ವಾ?”

ನಗುವುದಿಲ್ಲ. ನಮ್ಮ ಎದುರು ಮನೆಯ ಮೇಷ್ಟ್ರು ನಿವೃತ್ತರಾದ ಮೇಲೆ ಟೆಟ್ರಿಸ್ ಕಲಿತರು. ಮೇಲಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಆಟ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿತ್ನೋವ್ ಬರೆದ ಆಟ ಅದು. ಮೊದಲ ದಿನವೇ ಕೈಗೆ ಬರುತ್ತೆ.

“ನನ್ನ ಹತ್ರ ಇರೋದು ಹತ್ತು ಸಾವಿರದ ಫೋನು. ಏನು ಆಡಲಿ?”

ಸಾಕು, ಬೇಕಾದಷ್ಟಿದೆ. ಮೊದಲು ನಾನು ಹೇಳುವುದು ಆಲ್ಟೋಸ್ ಅಡ್ವೆಂಚರ್. 2015ರಲ್ಲಿ ಬಂದದ್ದು. ಹಿಮದ ಬೆಟ್ಟದಲ್ಲಿ ಜಾರಿಕೊಂಡು ಹೋಗುವುದಷ್ಟೇ ಕೆಲಸ. ಅದರಲ್ಲಿ ಝೆನ್ ಮೋಡ್ ಅಂತ ಒಂದಿದೆ. ಸ್ಕೋರ್ ಇಲ್ಲ, ನಾಣ್ಯ ಇಲ್ಲ, ಬಿದ್ದರೆ ಎದ್ದು ಮತ್ತೆ ಜಾರುವುದು. ಕೆಲಸ ಮುಗಿಸಿ ಸಂಜೆ ರೈಲಿನಲ್ಲಿ ಕೂತಾಗ ಹೆಡ್‌ಫೋನ್ ಹಾಕಿಕೊಂಡು ಆಡಿ ನೋಡಿ. ಒಗಟು ಇಷ್ಟ ಇದ್ದರೆ ಮಾನ್ಯುಮೆಂಟ್ ವ್ಯಾಲಿ. ಕಣ್ಣಿಗೆ ಮೋಸ ಮಾಡುವ ಮೆಟ್ಟಿಲು, ಗೋಪುರಗಳ ಆಟ ಅದು. ಒಂದು ಭಾನುವಾರದಲ್ಲಿ ಮುಗಿಯುತ್ತೆ. ಮುಗಿಯುವ ಆಟ ಈಗ ಅಪರೂಪ ಆಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ದುಡ್ಡು ಕೊಟ್ಟು ತಗೊಳ್ಳುವ ಗೇಮ್‌ಗಳಿಗೆ ಹೆದರಬೇಡಿ. ಪುಕ್ಕಟೆ ಸಿಗುವ ಎಷ್ಟೋ ಗೇಮ್‌ಗಳು ಆಮೇಲೆ ದಿನಾ ಸ್ವಲ್ಪ ಸ್ವಲ್ಪವೇ ವಸೂಲಿ ಮಾಡುತ್ತವೆ.

## ಸ್ವಲ್ಪ ದಿನ ಆಡಿದವರ ಪ್ರಶ್ನೆಗಳು

“ಎಷ್ಟು ಆಡಿದ್ರೂ ಅರ್ಧಕ್ಕರ್ಧ ಸೋಲ್ತೀನಿ. ನಾನು ಸುಧಾರಿಸ್ತಾನೇ ಇಲ್ವಾ?”

ಸುಧಾರಿಸಿದ್ದೀರಿ. ಅದಕ್ಕೇ ಸೋಲುತ್ತಿದ್ದೀರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾಡ್ ಎಲೋ ಅನ್ನುವವರು ಚೆಸ್ ಆಟಗಾರರ ಬಲ ಅಳೆಯೋಕೆ ಒಂದು ಲೆಕ್ಕ ಕಂಡುಹಿಡಿದರು. 1970ರಲ್ಲಿ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಅದನ್ನು ಒಪ್ಪಿಕೊಂಡಿತು. ನಿಮಗಿಂತ ಗಟ್ಟಿ ಆಟಗಾರನನ್ನು ಸೋಲಿಸಿದರೆ ಜಾಸ್ತಿ ಅಂಕ, ಸೋತವನಿಗೆ ಅಷ್ಟೇ ನಷ್ಟ. ನಿಮಗಿಂತ ಕೆಳಗಿನವನನ್ನು ಸೋಲಿಸಿದರೆ ಸಿಗುವುದು ಅಲ್ಪಸ್ವಲ್ಪ. ಇವತ್ತು ಎಷ್ಟೋ ಆನ್‌ಲೈನ್ ಗೇಮ್‌ಗಳು ಜೋಡಿ ಹುಡುಕುವುದು ಇದೇ ಜಾತಿಯ ಲೆಕ್ಕದಿಂದ.

ಈಗ ಯೋಚಿಸಿ. ನೀವು ಚೆನ್ನಾಗಿ ಆಡಿದರೆ ಅಂಕ ಏರುತ್ತೆ. ಅಂಕ ಏರಿದ ಕೂಡಲೇ ಗೇಮ್ ನಿಮಗೆ ಇನ್ನೂ ಗಟ್ಟಿ ಎದುರಾಳಿ ತಂದು ನಿಲ್ಲಿಸುತ್ತೆ. ಮತ್ತೆ ಅರ್ಧ ಗೆಲುವು, ಅರ್ಧ ಸೋಲು. ಬಾವಿ ಹಗ್ಗ ಎಷ್ಟು ಉದ್ದ ಮಾಡಿದರೂ ನೀರು ಅಷ್ಟೇ ಕೆಳಗೆ ಹೋದ ಹಾಗೆ. ಹಾಗಾಗಿ ಗೆಲುವಿನ ಸಂಖ್ಯೆ ನೋಡಿ ನಿಮ್ಮನ್ನು ಅಳೆದುಕೊಳ್ಳಬೇಡಿ. ಆರು ತಿಂಗಳ ಹಿಂದೆ ನಿಮ್ಮ ಕೈಗೆ ಬಾರದಿದ್ದ ಯಾವ ವಿದ್ಯೆ ಈಗ ಬರುತ್ತೆ? ಅದನ್ನು ನೋಡಿ. ಸೀಸನ್ (ಗೇಮಿನ ಒಂದು ಸುತ್ತು) ಮುಗಿದಾಗ ಗೇಮ್ ನಿಮ್ಮ ರ‍್ಯಾಂಕ್ ಕೆಳಗಿಳಿಸಬಹುದು. ಕೈಗೆ ಬಂದ ವಿದ್ಯೆಯನ್ನು ಯಾವ ಸೀಸನ್ನೂ ಇಳಿಸೋಕೆ ಆಗಲ್ಲ.

“ಬಹುಮಾನ ಸಿಕ್ರೆ ಖುಷಿ ಜಾಸ್ತಿ ಆಗ್ಬೇಕಲ್ವಾ? ಕಮ್ಮಿ ಯಾಕಾಗುತ್ತೆ?”

ಈ ಪ್ರಶ್ನೆ ಕೇಳಿದಾಗೆಲ್ಲ ನಾನು ಸ್ಕೆಚ್ ಪೆನ್ನಿನ ಪರೀಕ್ಷೆಯ ಬಗ್ಗೆ ಹೇಳುತ್ತೇನೆ. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವ ಮೂವರು ಮನಃಶಾಸ್ತ್ರಜ್ಞರು ಪ್ರಕಟಿಸಿದ್ದು. ಚಿತ್ರ ಬರೆಯೋದು ಮೊದಲೇ ಇಷ್ಟ ಇದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ “ಚಿತ್ರ ಬರೆದರೆ ರಿಬ್ಬನ್ ಕಟ್ಟಿದ ಸರ್ಟಿಫಿಕೇಟ್ ಕೊಡ್ತೀವಿ” ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ.

ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನು ತರಗತಿಯಲ್ಲಿ ಸುಮ್ನೆ ಇಟ್ಟು ನೋಡಿದರು. ಬಹುಮಾನದ ಆಸೆಯಿಂದ ಬರೆದಿದ್ದ ಮಕ್ಕಳು ಉಳಿದವರು ಬರೆದದ್ದರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರು. ಏನೂ ಹೇಳದೆ ಬಹುಮಾನ ಪಡೆದ ಮಕ್ಕಳ ಆಸಕ್ತಿ ಕುಗ್ಗಿರಲಿಲ್ಲ. ಅಂದರೆ ಬಹುಮಾನ ಸಿಕ್ಕಿದ್ದರಿಂದ ತೊಂದರೆ ಆಗಲಿಲ್ಲ. ಬಹುಮಾನಕ್ಕೋಸ್ಕರ ಬರೆದದ್ದರಿಂದ ಆಯಿತು.

ನಮ್ಮ ಭಾನುವಾರದ ಮಕ್ಕಳಿಗೆ ನಾನೂ ಒಂದು ತಿಂಗಳು “ಗೆದ್ದವರಿಗೆ ಚಾಕಲೇಟ್” ಅಂತ ಇಟ್ಟಿದ್ದೆ. ಅದಕ್ಕೂ ಮೊದಲು “ಅಕ್ಕ, ಆ ಗುಹೆ ಒಳಗೆ ಏನಿದೆ ನೋಡೋಣ” ಅಂತಿದ್ದವರು “ಚಾಕಲೇಟ್ ಇವತ್ತು ಯಾರಿಗೆ” ಅಂತ ಕೇಳೋಕೆ ಶುರು ಮಾಡಿದರು. ಈಗ ಎಲ್ಲರಿಗೂ ಚಾಕಲೇಟ್, ಸಂಜೆ ಹೊರಡುವಾಗ.

“ಈಸಿ ಮೋಡಲ್ಲಿ ಆಡೋದು ಮೋಸ ಅಲ್ವಾ?”

ನಿಮ್ಮ ಎದುರು ಇನ್ನೊಬ್ಬ ಮನುಷ್ಯ ಆಡುತ್ತಿಲ್ಲ ಅಂದಮೇಲೆ ಮೋಸ ಯಾರಿಗೆ? ಟಿವಿಗೆ ಕ್ಯಾಸೆಟ್ ಗೇಮ್ ಸಿಕ್ಕಿಸಿ ಆಡಿದವರಿಗೆ ಕಾಂಟ್ರಾ ನೆನಪಿರಬೇಕು. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಗುಂಡಿಗಳನ್ನು ಈ ಕ್ರಮದಲ್ಲಿ ಒತ್ತಿದರೆ ಮೂವತ್ತು ಲೈಫ್! ಈ ಕೋಡ್ ಹುಟ್ಟಿದ್ದು ಹೇಗೆ ಗೊತ್ತಾ? ಜಪಾನಿನ ಕೊನಾಮಿ ಕಂಪನಿಯಲ್ಲಿ ಕಝುಹಿಸಾ ಹಶಿಮೊಟೊ ಅನ್ನುವವರು 1986ರಲ್ಲಿ ಹೊರಬಂದ ಗ್ರೇಡಿಯಸ್ ಅನ್ನುವ ಗೇಮಿನ ಮೇಲೆ ಕೆಲಸ ಮಾಡುತ್ತಿದ್ದರು. ಪರೀಕ್ಷೆ ಮಾಡುವಾಗ ಅದು ಅವರಿಗೇ ತುಂಬ ಕಷ್ಟ ಆಯಿತು. ತಮ್ಮ ಅನುಕೂಲಕ್ಕೆ ಈ ಕೋಡ್ ಹಾಕಿಕೊಂಡರು. ಆಮೇಲೆ ಅದು ಆಟದಲ್ಲೇ ಉಳಿದುಹೋಯಿತು.

2018ರಲ್ಲಿ ಬಂದ ಸೆಲೆಸ್ಟ್ ಬೆಟ್ಟ ಹತ್ತುವ ಆಟ, ಬಹಳ ಕಷ್ಟ. ಅದರಲ್ಲಿ ಅಸಿಸ್ಟ್ ಮೋಡ್ ಇದೆ. ಆಟದ ವೇಗ ಕಡಿಮೆ ಮಾಡಬಹುದು, ಸುಸ್ತಾಗದ ಹಾಗೆ ಮಾಡಬಹುದು. ಸಂಧಿವಾತದಿಂದ ಬೆರಳು ಬಿಗಿಯಾಗಿರುವ ನನ್ನ ಅಕ್ಕ ಹಾಗೇ ಆಡಿದಳು. ತುದಿ ತಲುಪಿದಾಗ ಅವಳ ಕಣ್ಣಲ್ಲಿ ನೀರಿತ್ತು.

“ಬಾಕ್ಸ್ ಓಪನ್ ಮಾಡೋದು, ಸ್ಪಿನ್ ಮಾಡೋದು ಬಿಡೋಕೇ ಆಗ್ತಿಲ್ಲ. ಯಾಕೆ?”

ಆ ಬಾಕ್ಸ್ ತೆರೆದರೆ, ಆ ಚಕ್ರ ತಿರುಗಿಸಿದರೆ ಏನು ಸಿಗುತ್ತೆ ಅಂತ ಮೊದಲೇ ಗೊತ್ತಿರಲ್ಲ. ಯಾವಾಗ ಸಿಗುತ್ತೆ ಅಂತ ಗೊತ್ತಿಲ್ಲದ ಬಹುಮಾನದ ಸೆಳೆತ ಹಾಗೆಯೇ. ಬಿ.ಎಫ್. ಸ್ಕಿನ್ನರ್ ಅನ್ನುವ ಮನಃಶಾಸ್ತ್ರಜ್ಞರು ಪಾರಿವಾಳಗಳ ಮೇಲೆ ಇದನ್ನು ನೋಡಿದ್ದರು. ಕುಕ್ಕಿದಾಗೆಲ್ಲ ಕಾಳು ಸಿಗುವ ಪಾರಿವಾಳ ಕಾಳು ನಿಂತ ಮೇಲೆ ಬೇಗ ಬಿಟ್ಟುಬಿಡುತ್ತೆ. ಯಾವಾಗಲೋ ಒಮ್ಮೆ ಸಿಗುವ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತೆ. ಇದು ನಿಮ್ಮ ಮನಸ್ಸಿನ ದೌರ್ಬಲ್ಯ ಅಂದುಕೊಳ್ಳಬೇಡಿ.

ದುಡ್ಡು ಕೊಟ್ಟು ತೆಗೆಯುವ ಇಂಥ ಬಾಕ್ಸ್‌ಗಳು ಜೂಜು ಅಂತ 2018ರಲ್ಲೇ ಬೆಲ್ಜಿಯಂ ಹೇಳಿತು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿತು. ಸದ್ಯಕ್ಕೆ ನೀವು ಮಾಡಬಹುದಾದದ್ದು: ಗೇಮಿಗೆ ಜೋಡಿಸಿರುವ ಯುಪಿಐ, ಕಾರ್ಡ್ ತೆಗೆದುಹಾಕಿ. ಪ್ರತಿ ಸಲ ಹೊಸದಾಗಿ ನಂಬರ್ ಹಾಕಬೇಕು ಅಂದರೆ ಕೈ ತಾನಾಗೇ ತಡೆಯುತ್ತೆ.

“ಫ್ರೆಂಡ್ಸ್ ಎಲ್ಲಾ ರ‍್ಯಾಂಕ್ ಪುಶ್ ಮಾಡ್ತಾರೆ. ನಾನೊಬ್ಬನೇ ಬೇಡ ಅಂದ್ರೆ ಸ್ಕ್ವಾಡಿಂದ ತೆಗೀತಾರೆ.”

ಬಿಜಿಎಂಐ (ತಂಡ ಕಟ್ಟಿಕೊಂಡು ಗುಂಡು ಹಾರಿಸುವ ಫೋನ್ ಗೇಮ್) ಆಡುವ ಹುಡುಗರು ಜಾಸ್ತಿ ಕೇಳುವ ಪ್ರಶ್ನೆ ಇದು. ಅಲ್ಲಿ ಕಾಂಕರರ್ ಅನ್ನುವ ಕೊನೆಯ ಮೆಟ್ಟಿಲು ಮೊದಲ 500 ಜನರಿಗೆ ಮಾತ್ರ. ಒಬ್ಬ ಮೇಲೆ ಬಂದರೆ ಇನ್ನೊಬ್ಬ ಕೆಳಗಿಳಿಯಲೇಬೇಕು. ಆ ಏಣಿ ಹತ್ತುವವರು ಹತ್ತಲಿ, ಅವರನ್ನು ತಡೆಯಬೇಡಿ. “ವಾರದಲ್ಲಿ ಒಂದು ರಾತ್ರಿ ನನ್ನ ಜೊತೆ ಟಿಡಿಎಂ ಆಡ್ರೋ, ಇಲ್ಲಾ ಜೀಪ್ ತಗೊಂಡು ಮ್ಯಾಪ್ ಸುತ್ತೋಣ” ಅಂತ ಕೇಳಿ. ಟಿಡಿಎಂ ಅಂದರೆ ಎರಡು ತಂಡಗಳ ಚಿಕ್ಕ ಪಂದ್ಯ. ಬೇಡ ಅನ್ನುವವರು ಕಡಿಮೆ. ನಮ್ಮ ಬೀದಿಯ ನಾಲ್ಕು ಹುಡುಗರು ಈಗ ಶುಕ್ರವಾರ ರಾತ್ರಿ ಬಂದೂಕು ಎತ್ತದೆ ಸಮುದ್ರದಂಡೆಯಲ್ಲೇ ಎಷ್ಟು ದೂರ ಹೋಗೋಕೆ ಆಗುತ್ತೆ ಅಂತ ನೋಡುತ್ತಾರೆ. ಅವರ ನಗು ನಮ್ಮ ಮನೆಯವರೆಗೂ ಕೇಳುತ್ತೆ.

## ಇನ್ನೂ ಆಳದ ಪ್ರಶ್ನೆಗಳು

“ಮಗ ಮೈನ್‌ಕ್ರಾಫ್ಟಲ್ಲಿ ಗಂಟೆಗಟ್ಟಲೆ ಸುಮ್ನೆ ಏನೇನೋ ಕಟ್ತಾನೆ. ಗೆಲ್ಲೋದೂ ಇಲ್ಲ, ಸೋಲೋದೂ ಇಲ್ಲ. ಏನು ಉಪಯೋಗ?”

ಒಂದು ಸಲ ಪಕ್ಕದಲ್ಲಿ ಕೂತು ನೋಡಿ. ಮಧುಗಿರಿಯಿಂದ ಅಜ್ಜಿ ಮನೆಗೆ ಬರುವ ಒಬ್ಬ ಹುಡುಗ, ಏಳನೇ ಕ್ಲಾಸು, ನಮ್ಮ ಲ್ಯಾಪ್‌ಟಾಪಿನಲ್ಲಿ ಮಧುಗಿರಿ ಬೆಟ್ಟ ಕಟ್ಟೋಕೆ ಹೊರಟ. ಕ್ರಿಯೇಟಿವ್ ಮೋಡ್. ಬೇಕಾದಷ್ಟು ಕಲ್ಲು, ಸಾಯುವ ಭಯ ಇಲ್ಲ. ಮೈನ್‌ಕ್ರಾಫ್ಟಿನಲ್ಲಿ ಒಂದು ಇಟ್ಟಿಗೆ ಅಂದರೆ ಒಂದು ಮೀಟರ್. ನೆಲದಿಂದ ಮೇಲಕ್ಕೆ ಸುಮಾರು 250 ಇಟ್ಟಿಗೆ ಇಡುವಷ್ಟರಲ್ಲಿ ಆಟದ ಆಕಾಶ ಮುಗಿಯುತ್ತೆ. ಬೆಟ್ಟ ಅದಕ್ಕಿಂತ ಎತ್ತರ. ಎರಡು ವಾರದ ಕೆಲಸ ಆದಮೇಲೆ ಅವನಿಗೆ ಇದು ಗೊತ್ತಾಯಿತು. ನಾನು ಅಳುತ್ತಾನೆ ಅಂದುಕೊಂಡೆ. ಅವನು ನೋಟ್‌ಬುಕ್ ತೆಗೆದು ಎಲ್ಲವನ್ನೂ ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿದ. ಕೆಡವಿ ಮತ್ತೆ ಶುರು ಮಾಡಿದ.

ಬಂಡೆಯ ಬಣ್ಣ ಸರಿ ಬರಲಿಲ್ಲ. ಬರೀ ಸ್ಟೋನ್ ಹಾಕಿದರೆ ತುಂಬ ಬಿಳಿಚಿಕೊಂಡಿತು. ಮುಂದಿನ ಭಾನುವಾರ ಬಂದಾಗ “ಆಂಟಿ, ಬಸ್ಸಲ್ಲಿ ಬರುವಾಗ ಬೆಟ್ಟ ಸರಿಯಾಗಿ ನೋಡಿದೆ. ಮಳೆನೀರು ಹರಿದ ಕಡೆ ಕಪ್ಪು ಪಟ್ಟೆ ಇದೆ” ಅಂದ. ಮೇಲಿಂದ ಕೆಳಕ್ಕೆ ಕಪ್ಪು ಕಲ್ಲಿನ ಪಟ್ಟೆ ಇಳಿಸಿದ. ಒಂದು ಹೆಜ್ಜೆ ಹಿಂದೆ ಸರಿದು ನೋಡಿದರೆ ಅದು ನಮ್ಮ ಮಧುಗಿರಿಯೇ. ಹುಟ್ಟಿದಾಗಿನಿಂದ ದಿನಾ ನೋಡಿದ ಬೆಟ್ಟವನ್ನು ಅವನು ಮೊದಲ ಸಲ ಕಣ್ಣಿಟ್ಟು ನೋಡಿದ್ದು ಈ ಆಟದಿಂದ. ಇದಕ್ಕೆ ಯಾವ ಪಾಯಿಂಟ್ ಕೊಡುತ್ತೀರಿ?

“ಖುಷಿಗೆ ಆಡೋದು ಅಂದ್ರೆ ಹುಷಾರಾಗಿ ಆಡೋದೇ ಬೇಡ ಅಂತಾನಾ?”

ಖಂಡಿತ ಅಲ್ಲ. ಮೈಯೆಲ್ಲ ಕಣ್ಣಾಗಿ ಆಡುವಾಗ ಸಿಗುವ ಖುಷಿಯೇ ದೊಡ್ಡದು. ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಅನ್ನುವ ವಿದ್ವಾಂಸರು ಚೆಸ್ ಆಡುವವರು, ಬಂಡೆ ಹತ್ತುವವರು, ಕುಣಿಯುವವರನ್ನೆಲ್ಲ ಮಾತಾಡಿಸಿ ಇದರ ಬಗ್ಗೆ 1975ರಲ್ಲಿ ಬರೆದರು. ಕೆಲಸ ಕೈಗೆ ಮೀರಿದರೆ ಗಾಬರಿ, ತೀರಾ ಸುಲಭ ಆದರೆ ಬೇಜಾರು. ಎರಡರ ನಡುವೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಕಷ್ಟದ ಆಟ ಆಡಿ, ನೂರು ಸಲ ಸೋಲಿ. ಗುರಿ ಮಾತ್ರ ನೀವೇ ಇಟ್ಟುಕೊಂಡದ್ದಾಗಿರಲಿ.

“ಹಾಗಾದ್ರೆ ಟ್ರೋಫಿ, ಅಚೀವ್‌ಮೆಂಟ್ ಎಲ್ಲಾ ಕೆಟ್ಟದ್ದಾ?”

ಅಲ್ಲ. ಆಟದಲ್ಲಿ ಏನಾದರೂ ಸಾಧಿಸಿದ್ದಕ್ಕೆ ಸಿಗುವ ಪದಕಗಳು ಅವು. 2005ರಲ್ಲಿ ಎಕ್ಸ್‌ಬಾಕ್ಸ್ 360 ಅನ್ನುವ ಗೇಮ್ ಯಂತ್ರದ ಜೊತೆ ಅಚೀವ್‌ಮೆಂಟ್ ಬಂದವು, 2008ರಲ್ಲಿ ಪ್ಲೇಸ್ಟೇಷನ್ನಿಗೆ ಟ್ರೋಫಿ ಬಂತು. ಕೆಲವರಿಗೆ ಪಟ್ಟಿ ಹಿಡಿದು ಒಂದೊಂದೇ ಟಿಕ್ ಹಾಕುವುದೇ ಸಂತೋಷ. ಗೇಮ್ ರೂಪಿಸುವ ರಿಚರ್ಡ್ ಬಾರ್ಟಲ್ ಅನ್ನುವವರು 1996ರಲ್ಲಿ ಆಟಗಾರರನ್ನು ನಾಲ್ಕು ಥರ ಅಂತ ವಿಂಗಡಿಸಿದ್ದರು: ಸಾಧಿಸುವವರು, ಸುತ್ತಿ ನೋಡುವವರು, ಜನರ ಜೊತೆ ಬೆರೆಯುವವರು, ಬೇರೆಯವರ ಮೇಲೆ ಬೀಳುವವರು. ನೀವು ಮೊದಲನೇ ಥರದವರಾದರೆ ಟ್ರೋಫಿ ಸೇರಿಸಿ. ನಾನು ಎರಡನೇ ಥರ. ನಕ್ಷೆಯ ಮೂಲೆಯಲ್ಲಿ ಏನೂ ಇಲ್ಲದಿದ್ದರೂ ಹೋಗಿ ನೋಡಿ ಬರುತ್ತೇನೆ.

“ಖುಷಿಗೆ ಅಂತ ಶುರು ಮಾಡಿದ್ದು, ಈಗ ನಿದ್ದೆ, ಊಟ, ಓದು ಎಲ್ಲಾ ಕೆಟ್ಟಿದೆ. ಇದು ಕಾಯಿಲೆನಾ?”

ಇದಕ್ಕೆ ನನ್ನ ಮಾತು ಸಾಕಾಗುವುದಿಲ್ಲ, ವೈದ್ಯರ ಹತ್ತಿರ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಡಿಸಾರ್ಡರನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲದಕ್ಕಿಂತ ಆಟವೇ ಮುಂದಾಗುವುದು, ನಷ್ಟ ಕಂಡರೂ ನಿಲ್ಲಿಸೋಕೆ ಆಗದಿರುವುದು, ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷ ಕಂಡರೆ ಹಾಗೆ ಗುರುತಿಸುತ್ತಾರೆ. ಅಲ್ಲಿಯವರೆಗೆ ಕಾಯಬೇಕು ಅಂತೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಅದು ಇಂಥ ತೊಂದರೆಗೇ ಮೀಸಲು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅಮ್ಮಂದಿರೇ, ಮಕ್ಕಳ ಫೋನ್ ಕಿತ್ತುಕೊಂಡು ಬೈಯುವ ಮೊದಲು ಈ ನಂಬರಿಗೆ ಫೋನ್ ಮಾಡಿ.

“ಗೇಮ್ ಮುಗಿಸದೇ ಇದ್ರೆ ಏನೋ ಬಾಕಿ ಉಳಿದ ಹಾಗೆ ಅನ್ನಿಸಲ್ವಾ?”

ನನಗೂ ಮೊದಲು ಅನ್ನಿಸುತ್ತಿತ್ತು. ಸ್ಟಾರ್‌ಡ್ಯೂ ವ್ಯಾಲಿ ಅಂತ ಒಂದು ಹೊಲದ ಆಟ ಇದೆ. ಎರಿಕ್ ಬರೋನ್ ಅನ್ನುವವರು ಒಬ್ಬರೇ ಕೂತು ನಾಲ್ಕು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿ 2016ರಲ್ಲಿ ಹೊರತಂದರು. ಅದರಲ್ಲೂ ಒಂದು ಪರೀಕ್ಷೆ ಇದೆ. ಮೂರನೇ ವರ್ಷ ಶುರುವಾದಾಗ ತೀರಿಹೋದ ತಾತ ಬಂದು ನಮ್ಮ ಹೊಲ ನೋಡುತ್ತಾರೆ. ಸಾಧನೆಗೆ ತಕ್ಕಂತೆ ದೀಪ ಹಚ್ಚುತ್ತಾರೆ, ನಾಲ್ಕರವರೆಗೆ. ನನಗೆ ಎರಡು ದೀಪ ಸಿಕ್ಕಿತು. ಮೊದಲಾಗಿದ್ದರೆ ಎಲ್ಲ ಬಿಟ್ಟು ಉಳಿದ ಎರಡು ದೀಪದ ಹಿಂದೆ ಬೀಳುತ್ತಿದ್ದೆ.

ಆಟದೊಳಗೆ ಈಗ ಐದನೇ ವರ್ಷ ನಡೆಯುತ್ತಿದೆ. ಆ ಆಟದಲ್ಲಿ ಮೂರು ಸಾಲು, ಸಾಲಿಗೆ ಮೂರರಂತೆ ಕುಂಬಳ ಹಾಕಿ, ಬಲಿತ ಮೇಲೂ ಕೀಳದೆ ನೀರು ಹಾಕುತ್ತಿದ್ದರೆ ಒಂಬತ್ತೂ ಸೇರಿ ಒಂದೇ ದೊಡ್ಡ ಕುಂಬಳಕಾಯಿ ಆಗಬಹುದು. ದಿನಕ್ಕೆ ನೂರಕ್ಕೆ ಒಂದರಷ್ಟು ಅವಕಾಶ. ಮಾರಿದ್ದರೆ ಒಳ್ಳೆ ದುಡ್ಡು ಬರುತ್ತಿತ್ತು. ಹೋದ ವರ್ಷ ಕೀಳದೆ ಬಿಟ್ಟೆ. ಸಂಜೆ ರೈಲಿನಲ್ಲಿ ಕೂತು ದಿನಾ ನೀರು ಹಾಕಿದೆ. ಪಕ್ಕದಲ್ಲಿ ಕೂರುವ ಗುಬ್ಬಿಯ ಅಜ್ಜ ಕೂಡ “ಏನಮ್ಮಾ, ಆಯ್ತಾ ಕುಂಬಳಕಾಯಿ?” ಅಂತ ಕೇಳೋಕೆ ಶುರು ಮಾಡಿದರು. ಚಳಿಗಾಲ ಬಂತು, ಒಂಬತ್ತೂ ಒಂದೇ ರಾತ್ರಿಗೆ ಒಣಗಿದವು. ಅಜ್ಜ “ಅಯ್ಯೋ” ಅಂದರು. ಈ ಸಲ ಬೀಜ ಎಲ್ಲಿ ಹಾಕಬೇಕು ಅಂತ ಅವರೇ ಬೆರಳಿಟ್ಟು ತೋರಿಸಿದ್ದಾರೆ. ನಿನ್ನೆಗೆ ಹನ್ನೊಂದು ದಿನ.